ನನಗೆ ಬಾಯಿ ಬಂದ ಬೇಸಿಗೆ

ಮಾತಾಡದೆ ಇರುವುದು ಅಷ್ಟು ಸುಲಭದ ಕೆಲಸವಲ್ಲ. ಜನ ಬಿಡುವುದಿಲ್ಲ. ಸದಾ ವಟಗುಟ್ಟುವವರನ್ನು ಕಂಡು ‘ಅವರ ಸ್ವಭಾವವೇ ಹಾಗೆ’ ಎಂದು ಸುಮ್ಮನಾಗುವವರೂ ಮಾತಾಡದವರನ್ನು ಕಂಡರೆ ಮಾತ್ರ ವೈದ್ಯರ ಹಾಗೆ ಪಕ್ಕದಲ್ಲಿ ಕೂತು ವಿಚಾರಿಸುತ್ತಾರೆ. ಹದಿನಾಲ್ಕನೆಯ ವಯಸ್ಸಿನಲ್ಲಿ ನಾನು ಅಂಥ ರೋಗಿಯಾಗಿದ್ದೆ. ಸ್ಕೂಲಿನಲ್ಲಿ ಹಾಜರಿ ಕೂಗುವಾಗ ‘ಪ್ರೆಸೆಂಟ್’ ಎನ್ನಲು ನಾಚಿ, ಬೆಂಚಿನ ಮೇಲೆ ಕೂತಿದ್ದಂತೆಯೇ ಎಷ್ಟೋ ದಿನ ಗೈರುಹಾಜರಾಗಿದ್ದೇನೆ. ಮನೆಗೆ ಯಾರಾದರೂ ಬಂದರೆ ಹಿತ್ತಿಲಿಗೆ ಹೋಗಿ, ಒಣಗಿದ ಬಟ್ಟೆಯನ್ನು ತೆಗೆದು ಮತ್ತೆ ಒಣಹಾಕುತ್ತಿದ್ದೆ. ದೂರದ ಸಂಬಂಧದ ಅಜ್ಜಿಯೊಬ್ಬರು, ಕೂಸುಗಳಿಗೆ ಮಾತು ಬರಲೆಂದು ಹಚ್ಚುವ ಹಾಗೆ, ನನ್ನ ನಾಲಿಗೆಗೆ ಬಜೆ ತೇಯ್ದು ಹಚ್ಚಿದರು. ಅದರ ಘಾಟಿಗೆ ಹೆದರಿ ನಾನು ಇನ್ನೊಂದು ವಾರ ಬಾಯಿ ತೆರೆಯಲಿಲ್ಲ.

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಅದಕ್ಕೆ ಸಂಬಂಧವಿಲ್ಲದೆ, ಬೆಂಗಳೂರಿನಲ್ಲಿ ನಾವಿದ್ದ ಬಾಡಿಗೆ ಮನೆಯ ಮಾಲೀಕರು ಬೇಸಿಗೆ ರಜೆ ಶುರುವಾಗುತ್ತಿದ್ದಂತೆ ರಿಪೇರಿಯೆಂದು ಹೆಂಚನ್ನೆಲ್ಲ ಇಳಿಸಿಬಿಟ್ಟರು. ಅಪ್ಪ ಗುಮಾಸ್ತರು, ಮರ್ಯಾದಸ್ಥರು. ಸೂರಿಲ್ಲದೆ ಅಕ್ಕನ ಮನೆಗೆ ಹೋಗುತ್ತಿದ್ದೇವೆ ಎಂದು ಹೇಳಲಾರದೆ, “ಈ ಸಲ ರಜಕ್ಕೆ ದೊಡ್ಡಬಳ್ಳಾಪುರಕ್ಕೆ ಹೋಗ್ಬರೋಣ ಕಣೆ. ಗಾಳಿ ಬದಲಾವಣೆ ಆದ್ಹಾಗಾಗುತ್ತೆ” ಎಂದರು. ಅಮ್ಮ ತಲೆಯೆತ್ತಿ, ಹೆಂಚು ಇರಬೇಕಾಗಿದ್ದ ಕಡೆ ನೋಡಿ, “ಗಾಳಿ ಇಲ್ಲೇ ಬೇಕಾದಷ್ಟು ಬರ್ತಿದೆಯಲ್ಲ” ಎಂದಳು.

ಅಮ್ಮನಿಗೂ ಅತ್ತೆಗೂ, ಅಂದರೆ ಅಪ್ಪನ ಅಕ್ಕನಿಗೂ, ಆಗುತ್ತಿರಲಿಲ್ಲ. ಮೊದಲಿಗೆ ಯಾಕೆ ಮುನಿಸಾಯಿತೆಂಬುದು ಇಬ್ಬರಿಗೂ ಸರಿಯಾಗಿ ನೆನಪಿರಲಿಲ್ಲ. ಆದರೂ ಅದು ಆರಿಹೋಗದಂತೆ ಇಬ್ಬರೂ ಜೋಪಾನವಾಗಿ ನೋಡಿಕೊಂಡಿದ್ದರು. ಹೊರಡುವ ದಿನ ಅಮ್ಮ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ರೇಷನ್ ಸಕ್ಕರೆಯ ಒಂದು ಪೊಟ್ಟಣ, ಕಾಫಿಪುಡಿಯ ಒಂದು ಡಬ್ಬಿ ಇಟ್ಟಳು. ಅಪ್ಪ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು. ರೈಲಿನಲ್ಲಿ ಕೂಡ ಅವರು ಹೆಚ್ಚು ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದರು.

ನಾವು ಮೂಲತಃ ನೇಕಾರರ ಪೈಕಿ. ಅಪ್ಪ ಮಗ್ಗ ಬಿಟ್ಟು ಮೇಜು ಹಿಡಿದವರು. ಅತ್ತೆಯ ಗಂಡ, ನಮ್ಮ ಮಾವ, ಬಿಟ್ಟಿರಲಿಲ್ಲ. ಅಷ್ಟೇ ಅಲ್ಲ, ನಾವು ಹೋಗುವ ಹೊತ್ತಿಗೆ ಹಳೆಯ ಕೈಮಗ್ಗಗಳನ್ನೆಲ್ಲ ಮಾರಿ ನಾಲ್ಕು ಕರೆಂಟ್ ಮಗ್ಗ ಹಾಕಿಸಿದ್ದರು. ಮಗ್ಗಗಳಿದ್ದ ಕೊಠಡಿಗೂ ನಡುಮನೆಗೂ ನಡುವೆ ಒಂದೇ ಗೋಡೆ. ಬೆಳಗಾದರೆ ಅವು ಶುರುವಾಗುತ್ತಿದ್ದವು, ಕತ್ತಲಾದ ಮೇಲೆ ನಿಲ್ಲುತ್ತಿದ್ದವು. ಅಡುಗೆಮನೆಯ ಹಲಗೆಯ ಈ ತುದಿಯಲ್ಲಿ ಬೆಳಿಗ್ಗೆ ಇಟ್ಟ ಲೋಟ ಸಂಜೆಗೆ ತಾನೇ ನಡೆದುಕೊಂಡು ಆ ತುದಿಗೆ ಹೋಗಿರುತ್ತಿತ್ತು. ಆ ಸದ್ದಿನಲ್ಲಿ ಮಾತಾಡಬೇಕಾದರೆ ಕಿರುಚಬೇಕು. ಉಪಚಾರದ ಮಾತನ್ನು ಕಿರುಚಿ ಹೇಳಿದರೆ ಅದು ಉಪಚಾರವಾಗಿ ಉಳಿಯುವುದಿಲ್ಲ. “ಇನ್ನೊಂಚೂರು ಅನ್ನ ಹಾಕ್ಲಾ?” ಎಂದು ಅತ್ತೆ ಕೇಳಿದರೆ ಜಗಳಕ್ಕೆ ಕರೆದಂತಿರುತ್ತಿತ್ತು. “ಸಾಕು ಅತ್ತಿಗೆ” ಎಂದು ಅಮ್ಮ ಹೇಳಿದರೆ ಜಗಳಕ್ಕೆ ಬಂದಂತಿರುತ್ತಿತ್ತು.

ಬಂದ ಮರುದಿನವೇ ಕಾಫಿಯ ಡಬ್ಬಿ ಅತ್ತೆಯ ಕಣ್ಣಿಗೆ ಬಿತ್ತು. ಸಕ್ಕರೆಗೆ ರೇಷನ್ ಇದ್ದ ಕಾಲ, ಅತ್ತೆಯದು ಬೆಲ್ಲದ ಕಾಫಿ. ಅಮ್ಮ ಒಂದು ಗುಟುಕು ಕುಡಿದು, ಮೂಗನ್ನು ಸ್ವಲ್ಪ ಮೇಲಕ್ಕೆಳೆದು, “ನಮ್ಮ ಬೆಂಗಳೂರಲ್ಲಿ ಹೀಗಲ್ಲ” ಎಂದು ಕೂಗಿದಳು. ಅತ್ತೆ ಸೊಂಟದ ಮೇಲೆ ಕೈಯಿಟ್ಟು, “ಬಡವ್ರ ಮನೆ ಕಣಮ್ಮಾ, ಇದ್ದಿದ್ದು ಇಷ್ಟು” ಎಂದು ಕೂಗಿದರು. ಮೈತುಂಬ ಬಂಗಾರ ಹೇರಿಕೊಂಡೇ ಅವರು ಈ ಮಾತು ಹೇಳುತ್ತಿದ್ದರು. ಅಂದಿನಿಂದ ಒಂದೇ ಒಲೆಯ ಮೇಲೆ ಎರಡು ಕಾಫಿ. ಅಪ್ಪ ಎರಡನ್ನೂ ಕುಡಿದು, ಎರಡನ್ನೂ ಹೊಗಳಿ, ರಾತ್ರಿ ನಿದ್ದೆ ಬಾರದೆ ಜಗಲಿಯ ಮೇಲೆ ಕೂತಿರುತ್ತಿದ್ದರು. ಮಾವ ಮಾತ್ರ ನೆಮ್ಮದಿಯಾಗಿದ್ದರು. ಮಗ್ಗಗಳ ನಡುವೆ ಇದ್ದೂ ಇದ್ದೂ ಅವರಿಗೆ ಕಿವಿ ಸ್ವಲ್ಪ ಮಂದವಾಗಿತ್ತು. ಅದನ್ನು ಅವರು ಯಾರಿಗೂ ಔಷಧಿಗೆ ತೋರಿಸಿರಲಿಲ್ಲ.

ನನ್ನ ಕಷ್ಟ ಬೇರೆಯದು. ಬೆಂಗಳೂರಿನಿಂದ ಹುಡುಗಿ ಬಂದಿದ್ದಾಳೆಂದು ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ನೋಡಲು ಬಂದರು. “ಏನೋದ್ತಿದ್ದೀಯಮ್ಮಾ?” ಎಂದು ಒಬ್ಬರು ಕಿರುಚುವರು. ನಾನು ಹೇಳಿದ್ದು ನನಗೇ ಕೇಳಿಸುತ್ತಿರಲಿಲ್ಲ. “ಇಂಗ್ಲೀಷ್ ಮಾತಾಡು ನೋಡಾನ” ಎಂದು ಇನ್ನೊಬ್ಬರು. ಕನ್ನಡವೇ ಬಾಯಿಂದ ಹೊರಡದವಳಿಗೆ ಇಂಗ್ಲೀಷೆಲ್ಲಿ? ಅತ್ತೆಗೆ ನನ್ನ ಬಗ್ಗೆ ಚಿಂತೆ ಹತ್ತಿತು. “ಏನೇ ಪಾರ್ವತಿ, ಹೆಣ್ಣಿಗೆ ಬಾಯೇ ಇಲ್ವಲ್ಲ!” ಎಂದು ಕೂಗಿದರು. ಅಮ್ಮ ತಕ್ಷಣ, “ನಿಮ್ಮ ವಂಶದ ಕಡೆಯಿಂದ ಬಂದಿದ್ದು ಅತ್ತಿಗೆ” ಎಂದು ಕೂಗಿದಳು. ಇನ್ನೂ ಇಬ್ಬರು ಹೆಂಗಸರು ಜಗಲಿ ಹತ್ತುತ್ತಿರುವುದನ್ನು ನೋಡಿ, ಅಲ್ಲಿ ಒಣಹಾಕಲು ಬಟ್ಟೆಯೂ ಇಲ್ಲದ್ದರಿಂದ, ನಾನು ಸಿಕ್ಕ ಬಾಗಿಲಿನೊಳಗೆ ನುಗ್ಗಿದೆ. ಅದು ಮಗ್ಗದ ಕೊಠಡಿ.

ಒಳಗೆ ನಾಲ್ಕು ಮಗ್ಗಕ್ಕೆ ನಾಲ್ಕು ಜನ ನೇಕಾರರು. ಮೂಲೆಯಲ್ಲಿ ರಾಟೆಯ ಮುಂದೆ ಮಾವನ ಮಗಳು ನಂಜಿ ಕೂತು, ಲಾಳಿಗೆ ಹಾಕುವ ಕಂಡಿಕೆಯೆಂಬ ಸಣ್ಣ ಕೊಳವೆಗಳಿಗೆ ನೂಲು ಸುತ್ತುತ್ತಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು. ನನ್ನನ್ನು ನೋಡಿ ಏನೂ ಕೇಳಲಿಲ್ಲ. ಕೇಳುವುದು ಸಾಧ್ಯವೂ ಇರಲಿಲ್ಲ, ಅಲ್ಲಿ ಕಿರುಚಿದರೂ ಕೇಳಿಸುತ್ತಿರಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿ, ಒಂದು ರಾಟೆಯನ್ನು ನನ್ನ ಕಡೆ ತಳ್ಳಿದಳು. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಅಷ್ಟು ಚೆನ್ನಾಗಿ ಮಾತಾಡಿಸಿರಲಿಲ್ಲ.

ಸ್ವಲ್ಪ ದಿನದಲ್ಲಿ ಆ ಕೊಠಡಿಯ ರೀತಿ ನನಗೆ ತಿಳಿಯಿತು. ಅಲ್ಲಿಯವರು ತುಟಿಯಲ್ಲಿ ಮತ್ತು ಕೈಯಲ್ಲಿ ಮಾತಾಡುತ್ತಿದ್ದರು. ಕಿವಿ ಹಿಡಿದುಕೊಂಡರೆ ಮಾವ ಬಂದರು ಎಂದರ್ಥ. ಸೊಂಟದ ಮೇಲೆ ಕೈಯಿಟ್ಟರೆ ಅತ್ತೆ. ನಾವು ಬಂದ ಮೇಲೆ, ಮೂಗು ಮೇಲಕ್ಕೆಳೆದರೆ ಅಮ್ಮ ಎಂಬುದೂ ಸೇರಿತ್ತು. ನೇಕಾರರಲ್ಲಿ ಹಿರಿಯ ಮುನಿವೆಂಕಟಪ್ಪ ಕೊಠಡಿಯ ಆ ಕೊನೆಯಿಂದ ತುಟಿಯಾಡಿಸಿದರೆ ಈ ಕೊನೆಯಲ್ಲಿ ನಂಜಿ ನಗುತ್ತಿದ್ದಳು. ನಾನೂ ನೋಡಿ ನೋಡಿ ಕಲಿತೆ. ಮಾತಿಗೆ ಗಂಟಲು ಬೇಕಾಗಿಲ್ಲ ಎಂದ ಮೇಲೆ ನನಗೆ ಯಾವ ತೊಂದರೆಯೂ ಇರಲಿಲ್ಲ. ಊಟಕ್ಕೆ ಕರೆದರೂ ಏಳಲು ಮನಸ್ಸು ಬರುತ್ತಿರಲಿಲ್ಲ.

ಹೀಗಿರುತ್ತ ಒಂದು ಮಧ್ಯಾಹ್ನ ನಾನು ಗಂಟಲನ್ನೂ ಉಪಯೋಗಿಸಿ ನೋಡಿದೆ. ಯಾರಿಗೂ ಕೇಳಿಸದಿರುವಾಗ ನಾಚಿಕೆ ಯಾತಕ್ಕೆ? ಮೊದಲು ಸಣ್ಣಗೆ ಏನೋ ಅಂದೆ. ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಗಟ್ಟಿಯಾಗಿ ಅಂದೆ. ಮಾರನೆಯ ದಿನದಿಂದ, ಬೆಳಗಿನ ಕಾಫಿಯ ಜಗಳವನ್ನು ಅಮ್ಮನ ದನಿಯಲ್ಲಿ ಅಮ್ಮನದು, ಅತ್ತೆಯ ದನಿಯಲ್ಲಿ ಅತ್ತೆಯದು, ಹೀಗೆ ಪೂರ್ತಿಯಾಗಿ ರಾಟೆಯ ಮುಂದೆ ಹೇಳತೊಡಗಿದೆ. ಅವರು ಹೇಳಲು ಮರೆತಿದ್ದನ್ನೂ ನಾನೇ ಸೇರಿಸುತ್ತಿದ್ದೆ. ಹದಿನಾಲ್ಕು ವರ್ಷ ಕೂಡಿಟ್ಟಿದ್ದ ಮಾತು, ಖರ್ಚಾಗಿ ಬೇಗ ಮುಗಿಯುತ್ತಿರಲಿಲ್ಲ. ಎದುರಿಗೆ ನೇಕಾರರು ಆಗಾಗ ನಗುತ್ತಿದ್ದರು. ಏನೋ ಅವರವರ ತಮಾಷೆ ಇರಬೇಕೆಂದು ನನಗೂ ಸಂತೋಷವಾಗುತ್ತಿತ್ತು. ಅವರ ತುಟಿ ನೋಡಿ ನಾನು ಮಾತು ತಿಳಿಯುತ್ತಿದ್ದೆನಲ್ಲ, ನನ್ನ ತುಟಿ ನೋಡಿ ಅವರೂ ತಿಳಿಯಬಹುದು ಎಂಬುದು ಹೊಳೆಯಲೇ ಇಲ್ಲ. ಸ್ಕೂಲಿನಲ್ಲಿ ನನ್ನನ್ನು ಬುದ್ಧಿವಂತೆ ಎಂದುಕೊಂಡಿದ್ದರು. ಮಾತಾಡದವರ ಬಗ್ಗೆ ಹಾಗೆ ತಪ್ಪು ತಿಳಿಯುವುದುಂಟು.

ರಜೆಯ ನಡುಭಾಗದಲ್ಲಿ ಒಂದು ಬೆಳಿಗ್ಗೆ ಅಮ್ಮನ ಡಬ್ಬಿಯಲ್ಲಿ ಕಾಫಿಪುಡಿ ಮುಗಿಯಿತು. ಅತ್ತೆ ಬೆಲ್ಲದ ಕಾಫಿಯನ್ನು ತಂದು ಅಮ್ಮನ ಮುಂದಿಟ್ಟರು. ಇಟ್ಟು ಸುಮ್ಮನೆ ಹೋಗಿದ್ದರೆ ಆಗಿತ್ತು. ಕುಡಿಯುವುದನ್ನು ನೋಡಲು ನಿಂತರು. ಅಮ್ಮ ಲೋಟವನ್ನು ಹಾಗೆಯೇ ಹಿಂದಕ್ಕೆ ತಳ್ಳಿದಳು. ಆಮೇಲೆ ಇಬ್ಬರೂ ಏನೇನು ಕೂಗಿದರೆಂಬುದು ಬೀದಿಗೆಲ್ಲ ಕೇಳಿಸಿತು. ಅಮ್ಮ ಪೆಟ್ಟಿಗೆ ಎಳೆದು ಸೀರೆ ತುಂಬತೊಡಗಿದಳು. “ನಾಳೆ ಬೆಳಗಿನ ರೈಲಿಗೆ ಹೊರಡೋದೇ. ಸೂರಿಲ್ಲದಿದ್ರೆ ಬಯಲಲ್ಲೇ ಮಲಗ್ತೀನಿ” ಎಂದಳು. ಅಪ್ಪ “ಅಕ್ಕಾ” ಎಂದು ಅತ್ತ ಒಮ್ಮೆ, “ಪಾರ್ವತೀ” ಎಂದು ಇತ್ತ ಒಮ್ಮೆ ಹೋಗಿ ಬಂದು, ಕೊನೆಗೆ ಜಗಲಿಯ ಕಂಬಕ್ಕೆ ಒರಗಿ ಕೂತರು.

ಬೆಂಗಳೂರಿಗೆ ಹೋದರೆ ಮತ್ತೆ ಅದೇ ಬೆಂಚು, ಅದೇ ಹಿತ್ತಿಲು. ನಾನು ಇರಬೇಕೆಂದು ಯಾರಾದರೂ ಜಾಗ ಬಿಟ್ಟುಕೊಟ್ಟಿದ್ದು ಈ ಒಂದು ಮೂಲೆಯಲ್ಲಿ ಮಾತ್ರ. ಹೋಗಿ ರಾಟೆಯ ಮುಂದೆ ಕೂತೆ. ಕಣ್ಣಲ್ಲಿ ನೀರು ಬರುತ್ತಿತ್ತು. ನಂಜಿ ನೋಡಿದಳು. ನೂಲು ಸುತ್ತುವುದನ್ನು ನಿಲ್ಲಿಸದೆ ಮೊಣಕೈಯಿಂದ ನನ್ನನ್ನು ತಿವಿದು, ತುಟಿಯಲ್ಲಿ, “ಇವತ್ತಿಂದು?” ಎಂದಳು. ಅದೇನೆಂದು ನನಗೆ ಆಗ ಅರ್ಥವಾಗಲಿಲ್ಲ. ಆದರೆ ಸಿಟ್ಟು ಬಂದಿತ್ತು. ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಅತ್ತೆಯ ದನಿಯನ್ನು ಎಷ್ಟು ಎತ್ತರಕ್ಕೆ ಎತ್ತಬಹುದೋ ಅಷ್ಟು ಎತ್ತಿ ಶುರು ಮಾಡಿದೆ:

“ಬಡವ್ರ ಮನೆ ಕಾಫಿ ಕಣಮ್ಮಾ! ಎಮ್ಮೆಗೆ ಇಟ್ಟೆ, ಮೂಸಿ ನೋಡಿ ಹಂಗೇ ಬಿಟ್ಬಿಡ್ತು. ನೀನಾದ್ರೂ ಕುಡಿ!”

ಆಮೇಲೆ ಮೂಗು ಮೇಲಕ್ಕೆಳೆದು ಅಮ್ಮನಾಗಿ ತಿರುಗಿದೆ. ಅಷ್ಟರಲ್ಲಿ ಕರೆಂಟು ಹೋಯಿತು.

ನಾಲ್ಕೂ ಮಗ್ಗ ಒಟ್ಟಿಗೆ ನಿಂತವು. ನನ್ನ ಬಾಯಿಗೆ ಕರೆಂಟಿನ ಸಂಬಂಧ ಇರಲಿಲ್ಲವಾಗಿ ಅದು ನಿಲ್ಲಲಿಲ್ಲ. “ನಮ್ಮ ಬೆಂಗಳೂರಲ್ಲಿ ಹೀಗಲ್ಲ ಅತ್ತಿಗೆ! ನಮ್ಮ ಎಮ್ಮೆಗಳು ಬೆಲ್ಲದ ಕಾಫಿ ಕುಡಿಯೋ ಮನೆತನದವಲ್ಲ!” ಎಂಬುದು ಆ ನಿಶ್ಶಬ್ದದಲ್ಲಿ ಗೋಡೆ ದಾಟಿ, ನಡುಮನೆ ದಾಟಿ, ಜಗಲಿಯವರೆಗೂ ಹೋಯಿತು. ನಾನು ಬಾಯಿಯ ಮೇಲೆ ಕೈಯಿಟ್ಟುಕೊಂಡೆ. ಮುನಿವೆಂಕಟಪ್ಪ ಕಣ್ಣೊರೆಸಿಕೊಂಡು, “ನಿಲ್ಲಿಸ್ಬೇಡ ಅಮ್ಮಣ್ಣಿ, ಆಮೇಲೇನಂದ್ರು?” ಎಂದರು. ಇನ್ನೊಬ್ಬರು, “ದಿನಾ ಬರೀ ತುಟಿ ನೋಡ್ತಿದ್ವಿ, ದನಿ ಇವತ್ತೇ ಕೇಳಿದ್ದು. ಥೇಟ್ ಬೆಂಗಳೂರು ಅಮ್ಮಾವ್ರೇ!” ಎಂದರು. ನಂಜಿ ಮಾತ್ರ, “ನಿಮ್ಮಮ್ಮಂದು ನಿನ್ನೆ ಇನ್ನೂ ಚೆನ್ನಾಗಿತ್ತು ಕಣೇ” ಎಂದಳು.

ಆಗ ತಿಳಿಯಿತು, ಅಷ್ಟು ದಿನವೂ ಒಂದು ಮಾತು ಬಿಡದೆ ಅವರೆಲ್ಲ ತುಟಿ ನೋಡಿಯೇ ಕೇಳಿದ್ದರೆಂದು. ನಾನು ನಾಚಿಕೊಳ್ಳಲು ಹೊರಟೆ. ಆದರೆ ಬಹಳ ತಡವಾಗಿತ್ತು. ಇಷ್ಟು ದಿನ ನನ್ನ ಮಾತಿಗೆ ನಕ್ಕವರ ಮುಂದೆ ಹೊಸದಾಗಿ ನಾಚುವುದು ಹೇಗೆಂದು ಗೊತ್ತಾಗಲಿಲ್ಲ. ನಾನೂ ನಕ್ಕೆ. ನಗುತ್ತ ತಿರುಗಿದರೆ ಬಾಗಿಲಲ್ಲಿ ಅಮ್ಮ, ಅತ್ತೆ ಅಕ್ಕಪಕ್ಕ ನಿಂತಿದ್ದರು.

“ನೋಡಿದ್ರಾ ಅತ್ತಿಗೆ, ಬಾಯಿ ಇಲ್ದೋಳ ಬಾಯಿ!” ಎಂದಳು ಅಮ್ಮ.

“ನಾನು ಹಂಗಾ ಸೊಂಟಕ್ಕೆ ಕೈ ಇಟ್ಕೊಳ್ಳೋದು, ಪಾರ್ವತಿ?” ಎಂದರು ಅತ್ತೆ, ಸೊಂಟಕ್ಕೆ ಕೈ ಇಟ್ಟುಕೊಂಡು.

“ಛೆ, ಎಲ್ಲಾದ್ರೂ ಉಂಟೆ? ನಾನು ಮೂಗು ಎಳೀತೀನಾ?”

“ಇಲ್ಲಪ್ಪಾ, ನಾನ್ಯಾವತ್ತೂ ನೋಡಿಲ್ಲ.”

ಅಮ್ಮ ಮದುವೆಯಾಗಿ ಬಂದಂದಿನಿಂದ ಅವರಿಬ್ಬರೂ ಒಂದೇ ಮಾತಿಗೆ ಬಂದದ್ದು ಅದೇ ಮೊದಲು. ನನ್ನನ್ನು ಬಯ್ಯುವ ಕೆಲಸ ಒಬ್ಬರಿಂದ ಆಗುವಂಥದಲ್ಲವಾಗಿ, ಸರದಿಯ ಮೇಲೆ ಬಯ್ದರು. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಮುಂದುವರಿಸಿದರು. ದಣಿವಾದಾಗ ಅತ್ತೆ ಕಾಫಿ ಮಾಡಿದರು. ಅಮ್ಮ ಅದು ಬೆಲ್ಲದ್ದೆಂಬುದನ್ನು ಗಮನಿಸದೆ ಕುಡಿದು, ಮತ್ತೆ ನನ್ನನ್ನು ಬಯ್ದಳು. ಸಂಜೆ ಸೀರೆಗಳು ಪೆಟ್ಟಿಗೆಯಿಂದ ಹೊರಗೆ ಬಂದವು. ಅಪ್ಪ ಅಂದು ರಾತ್ರಿ ಎಂಟಕ್ಕೇ ಮಲಗಿ ಗೊರಕೆ ಹೊಡೆದರು. ಹೆಂಚು ಹಾಕಿ ಮುಗಿಯುವವರೆಗೂ ನಾವು ಅಲ್ಲೇ ಇದ್ದೆವು. ಜಗಳ ನಿಂತಿದ್ದರಿಂದ ಮಗ್ಗದ ಕೊಠಡಿಯಲ್ಲಿ ಹೇಳಲು ಹೊಸದು ಸಿಗದೆ, ನಾನು ಮಾವನನ್ನೂ ಬೀದಿಯ ಹೆಂಗಸರನ್ನೂ ಹಿಡಿದುಕೊಳ್ಳಬೇಕಾಯಿತು.

ಸ್ಕೂಲಿಗೆ ಮರಳಿದ ಮೇಲೆ ‘ಪ್ರೆಸೆಂಟ್’ ಎಂದು ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಪಕ್ಕದ ಕ್ಲಾಸಿನವರು ಇಣುಕಿ ನೋಡಿದರು. ಆಮೇಲಿನ ನನ್ನ ಮಾತಿನ ವಿಚಾರ ನಮ್ಮ ಯಜಮಾನರು ಹೇಳಿಯಾರು. ನನಗೆ ಮಾತು ತಿಳಿದವಳೆಂಬ ಹೆಸರಿದೆ, ಸೊಸೆಗೆ ನಾಲ್ಕು ಒಳ್ಳೆಯ ಮಾತು ಹೇಳುವ ಅಭ್ಯಾಸವೂ ಇದೆ. ಅವಳು ಬಹಳ ಸಂಕೋಚದ ಹುಡುಗಿ, ಎದುರು ಮಾತಾಡುವುದಿಲ್ಲ. ನಾನು ಏನು ಹೇಳಿದರೂ ತಲೆಯಾಡಿಸಿ, ಒಳಗೆ ಹೋಗಿ, ಚಟ್ನಿಗೆಂದು ಮಿಕ್ಸಿ ಹಾಕುತ್ತಾಳೆ. ಎರಡು ಕಾಯಿ ತುರಿದು ರುಬ್ಬುವಷ್ಟು ಚಟ್ನಿ ನಮ್ಮ ಮನೆಯಲ್ಲಿ ದಿನವೂ ಯಾಕೆ ಬೇಕೆಂದು ನನಗೆ ಮೊದಮೊದಲು ತಿಳಿಯುತ್ತಿರಲಿಲ್ಲ. ಅಡುಗೆಮನೆಯ ಕಿಟಕಿ ನಾನು ಕೂರುವ ಕುರ್ಚಿಗೆ ನೇರವಾಗಿದೆ. ಮಿಕ್ಸಿ ತಿರುಗುತ್ತಿರುವಷ್ಟು ಹೊತ್ತೂ ಅವಳ ತುಟಿ ಆಡುತ್ತಿರುತ್ತದೆ. ನಾನು ಏನೂ ಗೊತ್ತಿಲ್ಲದವಳ ಹಾಗೆ ಪೇಪರ್ ಹಿಡಿದುಕೊಂಡು ನೋಡುತ್ತೇನೆ. ನಿನ್ನೆ ನನ್ನದನ್ನು ಬಹಳ ಚೆನ್ನಾಗಿ ಮಾಡಿದಳು. ನಾನು ಕನ್ನಡಕ ಸರಿಪಡಿಸಿಕೊಂಡು ‘ನಮ್ಮ ಕಾಲದಲ್ಲಿ’ ಎನ್ನುವುದನ್ನು ಮಾತ್ರ ಸ್ವಲ್ಪ ಅತಿಯಾಗಿ ತೋರಿಸಿದಳು ಎನ್ನಿಸಿತು. ನಾನು ಹಾಗೆ ಮಾಡುವುದಿಲ್ಲ.