ತಾನೇ ಓಡುವ ಮೋಟಾರು

ಬೇರೆಯವರ ತಪ್ಪು ಹುಡುಕಿ ಸಂಬಳ ಪಡೆಯುವವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಕೆಲವು ವರ್ಷ ಕಳೆದ ಮೇಲೆ, ತಪ್ಪು ಎಂಬುದು ಬೇರೆಯವರು ಮಾಡುವಂಥದ್ದು ಎಂದು ಅವರು ನಂಬಿಬಿಡುತ್ತಾರೆ. ನನಗೆ ಈ ಕಾಯಿಲೆ ಹಳೆಯದು. ಎಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಾನು ಒಂದು ದಿನಪತ್ರಿಕೆಯ ಉಪಸಂಪಾದಕನಾಗಿದ್ದೆ. ಮಧ್ಯಾಹ್ನ ಮೂರಕ್ಕೆ ಕುಳಿತರೆ ರಾತ್ರಿ ಹತ್ತೂವರೆಯವರೆಗೆ ಊರಿನವರೆಲ್ಲ ಬರೆದದ್ದನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ. ಮಂತ್ರಿಗಳ ವಯಸ್ಸು, ಮೃತರ ಸಂಖ್ಯೆ, ಪುರಸಭೆಯ ಹೆಸರು, ಎಲ್ಲವೂ ನನ್ನ ಮೇಜಿನ ಮೇಲೆ ಹಾದು ಶುದ್ಧವಾಗಿ ಅಚ್ಚಿಗೆ ಹೋಗುತ್ತಿದ್ದವು. ಇಂಥ ಮನುಷ್ಯ ಮನೆಗೆ ಬಂದು ಒಂದು ಸಣ್ಣ ಯಂತ್ರಕ್ಕೆ ವಾರ ಮತ್ತು ಗಂಟೆ ಹೇಳಿಕೊಡುವುದು ಏನು ಮಹಾ ಕೆಲಸ ಎಂದುಕೊಂಡರೆ, ಅದನ್ನು ಅಹಂಕಾರ ಎನ್ನಬಾರದು. ಅನುಭವ ಎನ್ನಬೇಕು.

ನಾವಿದ್ದದ್ದು ಬನಶಂಕರಿ ಎರಡನೇ ಹಂತದಲ್ಲಿ, ಮುನಿಸ್ವಾಮಪ್ಪನವರ ಮನೆಯ ಮಹಡಿಯಲ್ಲಿ. ಬಡಾವಣೆ ಆಗುವ ಮೊದಲು ಆ ರಸ್ತೆಯೆಲ್ಲ ಅವರ ತಂದೆಯ ರಾಗಿ ಹೊಲವಂತೆ. ನಮ್ಮ ಅಡುಗೆಮನೆ ಇರುವ ಜಾಗದಲ್ಲಿ ಬಾವಿ ಇತ್ತಂತೆ. ಮಾತಿಗೆ ಕುಳಿತಾಗಲೆಲ್ಲ ಅವರು, "ಇದೇ ಜಾಗ ಸಾರ್, ನಮ್ಮಪ್ಪ ಏತ ಹೊಡೀತಿದ್ದಿದ್ದು. ಆಗ ನೀರಿಗೆ ಟೈಮು ಗೀಮು ಇರ್ಲಿಲ್ಲ" ಎಂದು ನೆಲವನ್ನು ಕಾಲಿನಿಂದ ತಟ್ಟಿ ತೋರಿಸುತ್ತಿದ್ದರು. ನಮ್ಮ ಕಾಲಕ್ಕೆ ನೀರಿಗೆ ಟೈಮೇ ಎಲ್ಲ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ನಲ್ಲಿಯಲ್ಲಿ ನೀರು ಬರುತ್ತಿತ್ತು. ಅದು ಅಂಗಳದ ನೆಲದೊಳಗಿನ ತೊಟ್ಟಿಗೆ, ಅಂದರೆ ಸಂಪಿನೊಳಕ್ಕೆ, ಬೀಳಬೇಕು, ಅಲ್ಲಿಂದ ಮೋಟಾರು ಅದನ್ನು ತಾರಸಿಯ ಟ್ಯಾಂಕಿಗೆ ಎತ್ತಬೇಕು. ಸಂಪು ಮುನಿಸ್ವಾಮಪ್ಪನವರ ಕೈಯಾರೆ ಕಟ್ಟಿದ್ದು, ತೀರ ಚಿಕ್ಕದು. ನೀರು ಬರುತ್ತಿರುವಾಗಲೇ ಮೋಟಾರು ಓಡಿಸಿ ಖಾಲಿ ಮಾಡುತ್ತಾ ಹೋಗದಿದ್ದರೆ ಅರ್ಧ ಗಂಟೆಯಲ್ಲಿ ತುಂಬಿ ಕುಳಿತುಬಿಡುತ್ತಿತ್ತು. ಉಳಿದ ನೀರೆಲ್ಲ ಪಕ್ಕದ ಮನೆಯವರ ಪಾಲು.

ಈ ಮೋಟಾರು ಹಾಕುವ ಕೆಲಸ ಒಂಬತ್ತು ವರ್ಷಗಳಿಂದ ನನ್ನ ಹೆಂಡತಿ ಸರಳಾಳದ್ದು. ಮುನಿಸ್ವಾಮಪ್ಪನವರಿಗೆ ಮಂಡಿನೋವು, ಬೆಳಗಿನ ಚಳಿಗೆ ಆಗುತ್ತಿರಲಿಲ್ಲ. ನನಗೆ ಪತ್ರಿಕೋದ್ಯಮ, ಎಂಟಕ್ಕೆ ಮೊದಲು ಎದ್ದರೆ ಆಗುತ್ತಿರಲಿಲ್ಲ. ಸರಳಾ ವಾರಕ್ಕೆ ಮೂರು ದಿನ ಐದು ಗಂಟೆಗೆ ಎದ್ದು, ಸ್ವೆಟರ್ ಹಾಕಿಕೊಂಡು, ಮೆಟ್ಟಿಲಿಳಿದು, ಸ್ವಿಚ್ಚು ಒತ್ತಿ, ಏಳರವರೆಗೆ ಕಾದು, ಆರಿಸಿ, ಆಮೇಲೆ ಅಡುಗೆ ಮಾಡಿಟ್ಟು ಎಂಟೂವರೆಯ ಬಸ್ಸಿಗೆ ಓಡುತ್ತಿದ್ದಳು. ಅವಳು ಶಾಲೆಯಲ್ಲಿ ಗಣಿತದ ಟೀಚರು. ಒಂದು ದಿನ ಆರನೇ ತರಗತಿಯ ಮಕ್ಕಳಿಗೆ ಲಘುತ್ತಮ ಸಾಮಾನ್ಯ ಅಪವರ್ತ್ಯ ಹೇಳಿಕೊಡುತ್ತಾ ಕಪ್ಪು ಹಲಗೆಗೆ ಹಣೆ ಒರಗಿಸಿ ನಿದ್ದೆ ಮಾಡಿಬಿಟ್ಟಳಂತೆ. ಮಕ್ಕಳು ಪಾಪ, ಲೆಕ್ಕ ಅಷ್ಟು ಕಷ್ಟವೇನೋ ಎಂದು ಸುಮ್ಮನೆ ಕಾದರಂತೆ. ಸಂಜೆ ಬಂದು, ನಗದೆ ಹೇಳಿದಳು: "ರೀ, ನನಗೆ ಒಡವೆ ಬೇಡ, ಸೀರೆ ಬೇಡ. ಒಂದು ಸೋಮವಾರ ಆರೂವರೆ ತನಕ ಮಲಗಬೇಕು. ಅಷ್ಟೇ."

ಇಷ್ಟು ಚಿಕ್ಕ ಬೇಡಿಕೆಯನ್ನು ಈಡೇರಿಸಲು ಒಂದು ಸುಲಭದ ದಾರಿ ಇತ್ತು. ನಾನು ಏಳುವುದು. ಆದರೆ ಆಧುನಿಕ ಮನುಷ್ಯ ಇಂಥ ಸಂದರ್ಭದಲ್ಲಿ ವಿಜ್ಞಾನದ ಮೊರೆಹೋಗುತ್ತಾನೆ. ನಾನು ಗೋಪಿಯ ಮನೆಗೆ ಹೋದೆ.

ಗೋಪಿ ನನ್ನ ಕಾಲೇಜಿನ ಗೆಳೆಯ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ರಜೆಯ ದಿನ ಮನೆಯಲ್ಲಿ ಬೆಸುಗೆ ಹಾಕುತ್ತಾ ಕೂರುವವನು. ಹಿಂದೆ ಒಮ್ಮೆ ಅವರ ಮನೆ ಬಾಗಿಲಿಗೆ ಒಂದು ಕರೆಗಂಟೆ ಮಾಡಿದ್ದ. ಯಾರಾದರೂ ಮುಂದೆ ನಿಂತರೆ ಸಾಕು, ಒತ್ತದೆಯೇ ಬಡಿಯುತ್ತಿತ್ತು. ಹಲ್ಲಿ ಹರಿದರೂ ಬಡಿಯುತ್ತಿತ್ತು. ಅವರ ತಾಯಿ ದಿನಕ್ಕೆ ಹದಿನೈದು ಸಲ ಬಾಗಿಲು ತೆಗೆದು, "ಬನ್ನಿ, ಒಳಗೆ ಬನ್ನಿ" ಎಂದು ಹಲ್ಲಿಯನ್ನು ಕರೆಯುತ್ತಿದ್ದರು. ಆದರೂ ಅವನ ಮೇಲೆ ನನಗೆ ನಂಬಿಕೆ. ವಿಷಯ ಕೇಳಿದವನೇ, "ಲೋ ವೆಂಕಿ, ಇಷ್ಟೇನಾ? ಡಿಜಿಟಲ್ ಟೈಮರ್ ಮಾಡಿಕೊಡ್ತೀನಿ ಬಿಡೋ. ವಾರ ಹೇಳು, ಟೈಮ್ ಹೇಳು. ಕರೆಕ್ಟಾಗಿ ರಿಲೇ ಟಿಕ್ ಅನ್ನುತ್ತೆ, ಮೋಟ್ರು ಓಡುತ್ತೆ. ನಿನ್ ಹೆಂಡ್ತಿ ಅಲ್ಲ, ನೀನೂ ಏಳ್ಬೇಕಾಗಿಲ್ಲ" ಎಂದ. ಕೊನೆಯ ಮಾತು ನನಗೆ ಬಹಳ ಇಷ್ಟವಾಯಿತು.

ಒಂದು ಭಾನುವಾರ ಬೆಳಿಗ್ಗೆ ಅವನು ಆ ಟೈಮರಿನ ಪೆಟ್ಟಿಗೆಯನ್ನು ತನ್ನ ಲೂನಾ ಮೊಪೆಡ್ಡಿನ ಮೇಲಿಟ್ಟುಕೊಂಡು ಬಂದ. ಟಿಫನ್ ಡಬ್ಬಿಯಷ್ಟು ದೊಡ್ಡದು. ಮುಂಭಾಗದಲ್ಲಿ ಕೆಂಪಗೆ ಹೊಳೆಯುವ ಅಂಕಿಗಳು, ಕೆಳಗೆ ಐದು ಗುಂಡಿಗಳು. ಮೆಟ್ಟಿಲ ಕೆಳಗಿನ ಮೋಟಾರು ಗೂಡಿನಲ್ಲಿ ಅದನ್ನು ಗೋಡೆಗೆ ಬಡಿದು, ತಂತಿ ಜೋಡಿಸಿ, ಟೈಮರ್ ಕೈಕೊಟ್ಟರೆ ಇರಲಿ ಎಂದು ಹಳೆಯ ಸ್ವಿಚ್ಚನ್ನೂ ಹಾಗೆಯೇ ಬಿಟ್ಟ. ಕರೆಂಟು ಹೋದಾಗ ಗಡಿಯಾರ ಮರೆಯದಿರಲೆಂದು ಒಳಗೆ ಒಂದು ಚಿಕ್ಕ ಬ್ಯಾಟರಿ ಹಾಕಿದ. ಮುನಿಸ್ವಾಮಪ್ಪನವರು ಮಗಳ ಊರಿಗೆ ಹೊರಟವರು ಗೇಟಿನ ಬಳಿ ನಿಂತು ನೋಡುತ್ತಿದ್ದರು. "ಇದು ವಾರ ಎಲ್ಲಾ ಗುರ್ತು ಇಟ್ಕತದಾ ಸಾರ್?" ಎಂದು ಕೇಳಿದರು. "ನಮಗಿಂತ ಚೆನ್ನಾಗಿ" ಎಂದೆ. ಗೋಪಿ ಒಂದು ಹಾಳೆ ನನ್ನ ಕೈಗಿಟ್ಟು, "ಪ್ರೋಗ್ರಾಂ ನೀನೇ ಮಾಡ್ಕೋ. ಮಾವನ ಮನೇಲಿ ಊಟಕ್ಕೆ ಕರೆದಿದಾರೆ" ಎಂದು ಲೂನಾ ತುಳಿದ.

ಸರಳಾ ಷರತ್ತು ಹಾಕಿದಳು. "ಒಂದು ತಿಂಗಳು ನೋಡ್ತೀನಿ. ಒಂದೇ ಒಂದು ದಿನ ತಪ್ಪಿದರೂ ನಾನಂತೂ ಮತ್ತೆ ಏಳಲ್ಲ. ಐದು ಗಂಟೆ ನಿಮ್ಮ ಪಾಲಿಗೆ. ಒಪ್ಪಿಗೇನಾ?" ಒಪ್ಪಿದೆ. ಆ ಹಾಳೆ ನನ್ನ ಕೈಯಲ್ಲಿರುವಾಗ ಹೆದರಿಕೆ ಏಕೆ?

ಹಾಳೆಯಲ್ಲಿ ಹನ್ನೊಂದು ಸೂಚನೆಗಳಿದ್ದವು. ಎಂಜಿನಿಯರರ ಬರವಣಿಗೆ ಗೊತ್ತಲ್ಲ, ಒಂದು ಮಾತನ್ನು ಎರಡು ಸಲ ಹೇಳುತ್ತಾರೆ. ನಾನು ಗುಂಡಿ ಮುಟ್ಟುವ ಮೊದಲು ಕೆಂಪು ಪೆನ್ನು ತೆಗೆದೆ. ನಾಲ್ಕನೆಯ ಸೂಚನೆ, "ಇಂದಿನ ವಾರ ಹಾಕು: ಭಾನುವಾರ ಒಂದು, ಸೋಮವಾರ ಎರಡು, ಹೀಗೆ." ಒಂಬತ್ತನೆಯದು, "ವಾರ ಸರಿಯಾಗಿದೆಯೇ ಮತ್ತೆ ನೋಡು." ಪುನರುಕ್ತಿ. ಹೊಡೆದುಹಾಕಿದೆ. ಹನ್ನೊಂದು ಸೂಚನೆ ಏಳಾಯಿತು, ಭಾಷೆಯೂ ಬಿಗಿಯಾಯಿತು. ಆಮೇಲೆ ಗಂಟೆ ಹಾಕಿದೆ, ವಾರ ಹಾಕಿದೆ. ಎರಡು, ನಾಲ್ಕು, ಆರನೆಯ ದಿನ ಐದೂವರೆಗೆ ಶುರು, ಏಳಕ್ಕೆ ನಿಲುಗಡೆ ಎಂದು ಒತ್ತಿದೆ. ಇಷ್ಟಕ್ಕೂ ಹತ್ತೇ ನಿಮಿಷ. ಊಟ ಮಾಡಿ ಆಫೀಸಿಗೆ ಹೋಗಿ ಸೋಮವಾರದ ಪತ್ರಿಕೆಯ ಕೆಲಸಕ್ಕೆ ಕುಳಿತೆ.

ಸೋಮವಾರ ಇತಿಹಾಸ ಸೃಷ್ಟಿಯಾಯಿತು. ಸರಳಾ ಆರೂವರೆಯನ್ನೂ ದಾಟಿ ಏಳು ಹೊಡೆಯುವವರೆಗೆ ಮಲಗಿದಳು. ಎದ್ದು ನಲ್ಲಿ ತಿರುಗಿಸಿದರೆ ನೀರು. "ಮೋಟ್ರು ಸದ್ದೇ ಕೇಳಲಿಲ್ಲವಲ್ರೀ" ಎಂದಳು. "ಗಾಢ ನಿದ್ದೆ" ಎಂದೆ. ಅವಳ ಮುಖದಲ್ಲಿ ಹತ್ತು ವರ್ಷ ಇಳಿದಿತ್ತು. ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. ಕಂಪೋಸಿಂಗ್ ವಿಭಾಗದ ಇಬ್ಬರು ಗೋಪಿಯ ವಿಳಾಸ ಬರೆದುಕೊಂಡರು.

ಮಂಗಳವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೆ ಎದ್ದೆ. ಮುನಿಸ್ವಾಮಪ್ಪನವರು ಊರಿನಿಂದ ಹಿಂದಿನ ಸಂಜೆ ವಾಪಸಾಗಿದ್ದರು. ಮಂಡಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದಿದ್ದರು. ಕೆಳಗಿನಿಂದ ಕಲ್ಲು ಅರೆಯುವಂಥ ಶಬ್ದ ಬರುತ್ತಿತ್ತು.

"ಏನ್ ಸಾರ್ ಇದು? ಸಂಪಲ್ಲಿ ಒಂದು ತೊಟ್ಟು ನೀರಿಲ್ಲ, ಮೋಟ್ರು ಬಡ್ಕೊಂತಾ ಐತೆ!"

ಓಡಿಹೋಗಿ ಆರಿಸಿದೆ. ಮೋಟಾರು ಇಸ್ತ್ರಿಪೆಟ್ಟಿಗೆಯಂತೆ ಕಾದಿತ್ತು. ಆದರೂ ನನ್ನ ಸಮಾಧಾನ ಕದಡಲಿಲ್ಲ. "ನೋಡಿ ಮುನಿಸ್ವಾಮಪ್ಪನವರೇ, ಮೆಷೀನು ಸರಿಯಾದ ಹೊತ್ತಿಗೆ ಓಡಿಸಿದೆ. ನೀರು ಬಿಡದೆ ಇರೋದು ನೀರಿನ ಬೋರ್ಡಿನವರ ತಪ್ಪು. ನಾಳೆಯೇ ಪೇಪರಲ್ಲಿ ಹಾಕಿಸ್ತೀನಿ" ಎಂದೆ.

"ಅಲ್ಲ ಸಾರ್, ಮಂಗಳವಾರ ನೀರು ಯಾಕ್ ಬಿಡ್ತಾರೆ?"

"ಮಂಗಳವಾರ ಎಲ್ಲಿ? ಇವತ್ತು ಬುಧವಾರ. ಇಲ್ಲಿ ನೋಡಿ, ನಾಲ್ಕು ಅಂತ ತೋರಿಸ್ತಿದೆ. ಭಾನುವಾರದಿಂದ ಎಣಿಸಿ."

ಅವರು ಬೆರಳಲ್ಲಿ ಎಣಿಸಿದರು. ಎಣಿಸಿ, "ಮಿಷೀನ್ ಏನಾರ ಹೇಳ್ಲಿ ಸಾರ್. ನಾನು ನಿನ್ನೆ ಸೋಮವಾರದ ಸಂತೇಲಿ ಬದನೆಕಾಯಿ ತಗೊಂಡು ಬಂದೋನು" ಎಂದರು. ಅಷ್ಟರಲ್ಲಿ ಸರಳಾ ಇಳಿದು ಬಂದಳು. ಅವಳ ಹಿಂದೆಯೇ ನಮ್ಮ ಪತ್ರಿಕೆ ಗೇಟಿನ ಮೇಲಿಂದ ಹಾರಿ ಅಂಗಳಕ್ಕೆ ಬಿತ್ತು. "ಇದಕ್ಕಿಂತ ಸಾಕ್ಷಿ ಬೇಕಾ?" ಎಂದು ನಾನೇ ಎತ್ತಿ ಬಿಡಿಸಿದೆ. ಹೆಸರಿನ ಕೆಳಗೆ, ನಿನ್ನೆ ಸಂಜೆ ನಾನೇ ಕೈಯಾರೆ ಬರೆದುಕೊಟ್ಟ ಸಾಲಿನಲ್ಲಿ, ಮಂಗಳವಾರ ಎಂದಿತ್ತು.

ಪತ್ರಿಕೆ ಒಂದು ವಾರ ಹೇಳುತ್ತಿದೆ, ಪೆಟ್ಟಿಗೆ ಇನ್ನೊಂದು ಹೇಳುತ್ತಿದೆ. ಎರಡಕ್ಕೂ ವಾರ ಹಾಕಿದವನು ಒಬ್ಬನೇ.

ಇದನ್ನು ಪತ್ರಿಕೆಯ ಕೆಲಸ ಗೊತ್ತಿಲ್ಲದವರಿಗೆ ವಿವರಿಸುವುದು ಕಷ್ಟ. ನಾವು ಬದುಕುವುದು ನಾಳೆಯಲ್ಲಿ. ಭಾನುವಾರ ಕುಳಿತು ಸೋಮವಾರ ಎಂದು ಬರೆಯುತ್ತೇವೆ. ಇಂದು ನಡೆದದ್ದನ್ನು ನಿನ್ನೆ ನಡೆಯಿತು ಎನ್ನುತ್ತೇವೆ. ಹದಿನಾಲ್ಕು ವರ್ಷ ಹೀಗೆ ಬರೆದ ಕೈಗೆ "ಇಂದಿನ ವಾರ ಹಾಕು" ಎಂದರೆ ಅದು ತಾನಾಗಿ ನಾಳೆಯದನ್ನು ಹಾಕುತ್ತದೆ. ಬ್ಯಾಂಕಿನಲ್ಲಿ ಎಷ್ಟೋ ಸಲ ನನ್ನ ಚೆಕ್ಕನ್ನು ಗುಮಾಸ್ತರು ತಿರುಗಿಸಿ ಕೊಟ್ಟು, "ನಾಳೆ ಬನ್ನಿ ಸಾರ್, ಆಗ ಸರಿಯಾಗಿರುತ್ತೆ" ಎಂದಿದ್ದಾರೆ. ಮದುವೆಯ ದಿನದ ಹೂವನ್ನು ಪ್ರತಿ ವರ್ಷ ಹಿಂದಿನ ದಿನವೇ ತರುತ್ತಿದ್ದೆ. ಸರಳಾ ಅದನ್ನು ಪ್ರೀತಿ ಎಂದು ತಿಳಿದಿದ್ದಳು. ಆ ಬೆಳಿಗ್ಗೆ ಅದೂ ಹೋಯಿತು.

ಸೋಮವಾರ ನೀರು ಬಂದಾಗ ಪೆಟ್ಟಿಗೆ ಅದನ್ನು ಮಂಗಳವಾರ ಎಂದು ತಿಳಿದು ಸುಮ್ಮನೆ ಕುಳಿತಿತ್ತು. ಅಂದು ಸಂಪಿನಲ್ಲಿ ನಿಂತ ಅಷ್ಟು ನೀರನ್ನು ಮಂಗಳವಾರ ಎತ್ತಿ ಮುಗಿಸಿ, ಆಮೇಲೆ ಮೋಟಾರನ್ನು ಬರಿದೇ ಓಡಿಸಿತ್ತು. ಕೆಳಮನೆಯವರು ಊರಿಗೆ ಹೋಗಿದ್ದರಿಂದ ಶುಕ್ರವಾರದ ನೀರೇ ಟ್ಯಾಂಕಿನಲ್ಲಿ ಉಳಿದಿತ್ತು. ಅದರ ಬಲದ ಮೇಲೆ ನಾನು ಆಫೀಸಿನಲ್ಲಿ ಮೆರೆದಿದ್ದೆ.

ಸರಳಾ ಪೆಟ್ಟಿಗೆಯನ್ನೂ ನನ್ನ ಕೆಂಪು ಗೀಟಿನ ಹಾಳೆಯನ್ನೂ ನೋಡಿದಳು. ಒಂಬತ್ತನೆಯ ಸೂಚನೆಯ ಮೇಲೆ ಬೆರಳಿಟ್ಟಳು. "ಇದನ್ನ ಯಾಕೆ ಹೊಡೆದಿದೀರಾ?"

"ಪುನರುಕ್ತಿ."

"ಅಯ್ಯೋ ಸಾರ್!" ಎಂದರು ಮುನಿಸ್ವಾಮಪ್ಪನವರು. ಅವರಿಗೆ ಪದ ತಿಳಿಯದಿದ್ದರೂ ಅಪರಾಧ ತಿಳಿದಿತ್ತು.

ಸರಳಾ ತೀರ್ಪು ಕೊಟ್ಟಳು. "ಮೆಷೀನು ನೀವು ಹೇಳಿದ ಹಾಗೇ ಕೇಳಿದೆ, ಅದರ ತಪ್ಪಲ್ಲ. ಒಂದು ತಿಂಗಳ ಷರತ್ತು ಹಾಗೇ ಇರಲಿ. ಆದರೆ ನಿಮ್ಮ ಆಫೀಸಲ್ಲಿ ಒಬ್ಬರು ಬರೆದದ್ದನ್ನ ಇನ್ನೊಬ್ಬರು ನೋಡದೆ ಅಚ್ಚಿಗೆ ಕಳಿಸ್ತೀರಾ?"

"ಖಂಡಿತ ಇಲ್ಲ."

"ಹಾಗಾದ್ರೆ ಇದನ್ನೂ ಒಬ್ಬರು ನೋಡ್ಬೇಕು. ವಾರಕ್ಕೆ ಮೂರು ದಿನ. ಐದೂಕಾಲಿಗೆ."

ಹೀಗೆ, ಮನುಷ್ಯ ಏಳುವುದನ್ನು ತಪ್ಪಿಸಲು ತಂದ ಯಂತ್ರ ಸರಿಯಾಗಿ ಏಳುತ್ತದೆಯೇ ಎಂದು ನೋಡಲು ನಾನು ಏಳತೊಡಗಿದೆ. ಸರಳಾ ಹಿಂದಿನ ರಾತ್ರಿಯೇ ಫ್ಲಾಸ್ಕಿನಲ್ಲಿ ಕಾಫಿ ಹಾಕಿಟ್ಟಿರುತ್ತಿದ್ದಳು. ವಾರ ತಿದ್ದಿದ ಮೇಲೆ ಪೆಟ್ಟಿಗೆ ಒಂದು ದಿನವೂ ತಪ್ಪಲಿಲ್ಲ. ನಾನು ಲೋಟ ಹಿಡಿದು ನಿಂತಿರುವಾಗ ಐದೂವರೆಗೆ ಟಿಕ್ ಎಂದು ನನ್ನನ್ನು ಅವಮಾನ ಮಾಡುತ್ತಿತ್ತು. ಮೂರು ವಾರ ಹೀಗೆ ನಡೆದ ಮೇಲೆ ಒಂದು ಗುರುವಾರ ಇಡೀ ದಿನ ಕರೆಂಟು ಹೋಯಿತು. ಶುಕ್ರವಾರ ಇಳಿದು ನೋಡಿದರೆ ಪೆಟ್ಟಿಗೆಯ ತುಂಬ ಸೊನ್ನೆಗಳು ಕಣ್ಣು ಹೊಡೆಯುತ್ತಿವೆ. ಬ್ಯಾಟರಿ ಸತ್ತಿತ್ತು.

ಐದೂವರೆಗೆ ಇನ್ನೂ ಹತ್ತು ನಿಮಿಷ ಉಳಿದಿತ್ತು. ಗಂಟೆ, ವಾರ, ಶುರು, ನಿಲುಗಡೆ, ಎಲ್ಲವನ್ನೂ ಮತ್ತೆ ಒತ್ತಬಹುದು. ಆದರೆ ನನ್ನ ಕೈಯ ಚರಿತ್ರೆ ನನಗೆ ಗೊತ್ತು. ತಿಂಗಳು ತುಂಬಲು ಇನ್ನು ಒಂದೇ ವಾರ. ಈಗ ತಪ್ಪಿತೆಂದರೆ ಪೆಟ್ಟಿಗೆ ಗೋಪಿಯ ಮನೆಗೆ, ಐದು ಗಂಟೆ ಆಯುಷ್ಯಪೂರ್ತಿ ನನಗೆ. ಗಡಿಯಾರ ನೋಡಿ ಸರಿಯಾಗಿ ಐದೂವರೆಗೆ ಹಳೆಯ ಸ್ವಿಚ್ಚನ್ನು ಒತ್ತಿದೆ. ಏಳಕ್ಕೆ ಆರಿಸಿದೆ. ಮೇಲೆ ಬಂದಾಗ ಸರಳಾ, "ಮೆಷೀನು ಓಡ್ತಾ?" ಎಂದಳು. "ಒಂದು ನಿಮಿಷ ಹೆಚ್ಚುಕಮ್ಮಿ ಇಲ್ಲ" ಎಂದೆ. ಆ ದಿನ ಬ್ಯಾಟರಿ ತರಬೇಕೆಂದುಕೊಂಡೆ. ಮರುವಾರವೂ ಅಂದುಕೊಂಡೆ. ಆಯುಷ್ಯಪೂರ್ತಿ ಏಳಬೇಕಾದೀತು ಎಂಬ ಭಯದಿಂದ ನಾನು ಆಗಲೇ ಏಳುತ್ತಿದ್ದೇನೆ ಎಂಬುದು ಹೊಳೆಯುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಸರಳಾ ಆರೂವರೆಯವರೆಗೆ ಮಲಗುತ್ತಿದ್ದಳು, ಶಾಲೆಯಲ್ಲಿ ಕಪ್ಪು ಹಲಗೆಗೆ ಒರಗುವುದನ್ನು ಬಿಟ್ಟಿದ್ದಳು. ಟೈಮರಿನ ಕೀರ್ತಿ ಮೂರು ಅಡ್ಡರಸ್ತೆ ದಾಟಿತ್ತು.

ಒಂದು ಭಾನುವಾರ ಪದ್ಮನಾಭನಗರದಿಂದ ಅವಳ ಅಕ್ಕ ಬಂದರು. ಊಟವಾದ ಮೇಲೆ, "ನಮ್ಮನೆಗೂ ಇಂಥದ್ದೊಂದು ಮಾಡಿಸಿಕೊಡಿ ವೆಂಕಟೇಶ್, ನನಗೂ ಸಾಕಾಗಿದೆ ಬೆಳಿಗ್ಗೆ ಏಳೋದು" ಎಂದರು. ಸುಳ್ಳು ಹೇಳುವುದು ನನ್ನ ವೃತ್ತಿಗೆ ಸಲ್ಲದು. "ಅತ್ತಿಗೆ, ಇಂಥದ್ದು ಇರೋದು ಇದೊಂದೇ" ಎಂದೆ.

"ನಿಜ ಕಣಕ್ಕಾ," ಸರಳಾ ಎಲೆ ಅಡಿಕೆಯ ತಟ್ಟೆಯನ್ನು ಅಕ್ಕನ ಮುಂದಿಟ್ಟಳು, "ಬೇರೆ ಎಲ್ಲೂ ಸಿಗಲ್ಲ. ಇದಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ. ಒಂದು ಲೋಟ ಕಾಫಿ ಇಟ್ಟರೆ ಸಾಕು."

"ಒಂದೂವರೆ ಲೋಟ" ಎಂದು ತಿದ್ದಿದೆ.