ಕೋರ್ಟಿನಲ್ಲಿ ಪಾಳಿ ಹಿಡಿದವನು

ಕೋರ್ಟಿಗೆ ಬಂದವರೆಲ್ಲ ಅಳುತ್ತಾರೆಂದು ಜನ ನಂಬಿದ್ದಾರೆ. ಮುಂಬಯಿಯ ಕೋರ್ಟುಗಳಲ್ಲಿ ವಕೀಲರ ಗುಮಾಸ್ತನಾಗಿ ಚಪ್ಪಲಿ ಸವೆಸಿದ ನನ್ನನ್ನು ಕೇಳಿ. ಕರಿ ಕೋಟಿನವರು ಮುಖ ಬಿಗಿದುಕೊಂಡಷ್ಟೂ ಅಲ್ಲಿ ನಗು ಜಾಸ್ತಿ. ಎಪ್ಪತ್ತರ ದಶಕದ ನಮ್ಮ ಒಬ್ಬ ಕಕ್ಷಿದಾರನ ಕಥೆಯೇ ಸಾಕು.

ಅವನು ವಿಜಾಪುರದ ಕಡೆಯವನು, ಚೆಂಬೂರಿನ ಕಾರ್ಖಾನೆಯೊಂದರಲ್ಲಿ ನೈಟ್ ಡ್ಯೂಟಿ ವಾಚ್‌ಮನ್. ಘಾಟ್ಕೋಪರಿನ ಚಾಳಿನಲ್ಲಿ ಗಂಡ ಹೆಂಡತಿಗೆ ಒಂದೇ ಕೋಣೆಯ ಖೋಲಿ. ಅದನ್ನು ಬಿಡಿಸಲು ಮಾಲೀಕ ದಾವೆ ಹೂಡಿದ್ದ. ಸೋತರೆ ಫುಟ್‌ಪಾತೇ ಗತಿ.

೧. ಅರ್ಧ ಅಲ್ಲಿ, ಅರ್ಧ ಇಲ್ಲಿ

ಬಾಡಿಗೆ ವಸೂಲಿಗೆ ಬರುವ ಮಾಲೀಕನ ಲೆಕ್ಕದವನು, ಅಲ್ಲಿಯವರ ಬಾಯಲ್ಲಿ ಮೆಹತಾ, ಒಮ್ಮೆ ಇವನನ್ನು ದೂಡಿಬಿಟ್ಟ. ಅದರ ಫಿರ್ಯಾದು ಕುರ್ಲಾದ ಮ್ಯಾಜಿಸ್ಟ್ರೇಟರ ಮುಂದೆ. ಅಲ್ಲಿ ಇವನು ಖೋಲಿಯ ಮಾತೆತ್ತಿದರೆ, ಅದು ಬಾಡಿಗೆ ದಾವೆ ನೋಡುವ ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟಿನದು ಎಂದರು. ಧೋಬಿ ತಲಾವಿನಲ್ಲಿ ದೂಡಿದ ಮಾತೆತ್ತಿದರೆ, ಅದು ಕುರ್ಲಾದ್ದು ಎಂದರು. ಎಲ್ಲದರ ಮೇಲೆ ಹೈಕೋರ್ಟು ಬೇರೆ ಇದೆ ಎಂದು ನಾನು ತಿಳಿಸಿ ಹೇಳಿದೆ.

ಅವನು ತಲೆ ಕೆರೆದುಕೊಂಡ. "ದೂಡಿದ್ದು ಖೋಲಿ ಒಳಗಾ ರೀ ಗುಮಾಸ್ತರ. ಅರ್ಧಾ ಅಲ್ಲಿ ಅತ್ತು, ಉಳಿದರ್ಧಾ ಇಲ್ಲಿ ಬಂದು ಅಳಬೇಕೇನ್ರಿ?"

೨. ಹಾಜರ್

ಕೋರ್ಟಿನ ಜವಾನ ಪಟ್ಟೇವಾಲಾ ಬಾಗಿಲಲ್ಲಿ ನಿಂತು ಹೆಸರು ಕೂಗಿದಾಗ ಹಾಜರಿಲ್ಲದವನ ಕೇಸು ಕೈ ಬಿಟ್ಟ ಹಾಗೆ ಎಂದು ನಾನೇ ಹೆದರಿಸಿದ್ದೆ. ಅದು ಅತಿಯಾಯಿತು. ಕೇಸಿನ ತಾರೀಖು ಇಲ್ಲದ ದಿನವೂ ಡ್ಯೂಟಿ ಮುಗಿಸಿ ಲೋಕಲ್ ಹಿಡಿದು ನೇರ ಧೋಬಿ ತಲಾವಿಗೆ ಬಂದು, ಕೋರ್ಟಿನ ಹಿಂದಿನ ಬೆಂಚಿನಲ್ಲೇ ನಿದ್ದೆ ಮಾಡತೊಡಗಿದ. ಹೆಂಡತಿ ಖೋಲಿಗೆ ಬೀಗ ಹಾಕಿ ರೊಟ್ಟಿ ಬುತ್ತಿ ತಂದು ಪಕ್ಕದಲ್ಲೇ ಕೂರುತ್ತಿದ್ದಳು.

ಒಂದು ದಿನ ಪಟ್ಟೇವಾಲಾ ಯಾವಳೋ ಶಾಂತಾಬಾಯಿಯ ಹೆಸರು ಕೂಗಿದ. ಇವನು ಎದ್ದು "ಹಾಜರ್" ಎಂದ. ಜಡ್ಜ್ ಸಾಹೇಬರು ಕನ್ನಡಕದ ಮೇಲಿಂದ ಇವನ ಮೀಸೆಯನ್ನೇ ನೋಡಿ, ಶಾಂತಾಬಾಯಿ ನೀನೋ ಎಂದು ಕೇಳಿದರು.

"ಅಲ್ರೀ ಸಾಹೇಬ್ರ. ಆ ಮುದುಕಿ ಚಾ ಕುಡಿಯಾಕ ಹೋಗ್ಯಾಳ. ನಾ ಆಕಿ ಪಾಳಿ ಹಿಡಿದೀನಿ. ನಮ್ಮ ಚಾಳಿನ ನಳದ ಮುಂದ ಹಿಂಗಾ ಮಾಡ್ತೀವ್ರಿ."

ಇದನ್ನು ಸಾಹೇಬರಿಗೆ ಮರಾಠಿಯಲ್ಲಿ ಹೇಳುವ ಪಾಡು ನನ್ನದಾಯಿತು. ಬಕೆಟ್ ತಂದಿದ್ದಾನೆಯೇ ಎಂದು ಅವರು ಕೇಳಿದರು.

೩. ಸಾಕ್ಷಿ

ಮೊದಲ ದಾವೆ ಬಿದ್ದುಹೋಗುವ ಲಕ್ಷಣ ಕಂಡಾಗ ಮಾಲೀಕ ಹೊಸದೊಂದು ಹೂಡಿದ. ಆರು ತಿಂಗಳಿಂದ ಖೋಲಿಗೆ ಬೀಗ, ಬಾಡಿಗೆದಾರ ಅಲ್ಲಿ ವಾಸವೇ ಇಲ್ಲ, ಆದ್ದರಿಂದ ಬಿಡಿಸಿಕೊಡಿ ಎಂದು. ಕಾನೂನು ಅವನ ಕಡೆಗೇ ಇತ್ತು. ಮೆಹತಾ ಕಟಕಟೆ ಹತ್ತಿ, ಹೋದಾಗಲೆಲ್ಲ ಬೀಗವನ್ನೇ ಕಂಡೆ ಎಂದು ದೇವರ ಮೇಲೆ ಆಣೆ ಇಟ್ಟ. ಅದೇನೂ ಸುಳ್ಳಲ್ಲ. ಯಾವ ಹೊತ್ತಿಗೆ ಹೋಗಿದ್ದೆ ಎಂದು ನಮ್ಮ ವಕೀಲರು ಕೇಳಿದರು. ಹನ್ನೊಂದರಿಂದ ಐದರೊಳಗೆ ಎಂದ.

ಸಾಹೇಬರು ಪೆನ್ನು ಕೆಳಗಿಟ್ಟರು. "ಆ ಹೊತ್ತಿನಲ್ಲಿ ಇವನು ಖೋಲಿಯಲ್ಲಿ ಇರಲಿಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ" ಎಂದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ದಿನವೂ ನನ್ನ ಕೋರ್ಟಿನಲ್ಲೇ ಗೊರಕೆ ಹೊಡೆಯುತ್ತಿದ್ದ."

ಬೀಗದ ಕಾರಣ ಗೊತ್ತಾಗಿ, ಮೊದಲಿನದರ ಜೊತೆ ಈ ದಾವೆಯೂ ವಜಾ ಆಯಿತು. ಖೋಲಿ ಉಳಿಯಿತು. ನನಗೂ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇನ್ನಾದರೂ ಮನೆಯಲ್ಲಿ ಮಲಗು ಮಾರಾಯ ಎಂದು ಹೇಳಿ ಕಳಿಸಿದೆ.

ಮರುದಿನ ಹನ್ನೊಂದಕ್ಕೆ ಹೋದರೆ ಅದೇ ಬೆಂಚು, ಅದೇ ಗೊರಕೆ, ಪಕ್ಕದಲ್ಲಿ ಬುತ್ತಿ. ಎಬ್ಬಿಸಿ, ಗೆದ್ದ ಮೇಲೂ ಇಲ್ಲೇನು ಕೆಲಸ ಎಂದು ಗದರಿದೆ.

"ಇವತ್ತ ಶಾಂತಾಬಾಯಿದು ತಾರೀಖ್ ಐತ್ರಿ" ಎಂದ. "ಮುದುಕಿಗೆ ಲೋಕಲ್ ತಪ್ಪಿದ್ರ ಪಾಳಿ ಯಾರು ಹಿಡೀಬೇಕ್ರಿ?"