ಕೆಂಚಪ್ಪಜ್ಜನ ಕಲ್ಲು ಮತ್ತು ಮಾವನವರ ಅಮೃತಹಸ್ತ

ನಾನೊಂದು ಚರಿತ್ರೆಯ ಪುಸ್ತಕ ಬರೆದೆ. ಬರೆಯುವುದು ಅಪರಾಧವಲ್ಲ, ಬರೆದೂ ಸುಖವಾಗಿರುವವರು ಈ ನಾಡಿನಲ್ಲಿ ಇದ್ದಾರೆ. ಪ್ರಕಾಶಕರು ಯಾರೂ ಮುಂದೆ ಬಾರದ್ದರಿಂದ ನಾನೇ ಪ್ರಕಾಶಕನಾದೆ. ಅದೂ ನಡೆಯುತ್ತಿತ್ತು. ನಾನು ಕೆಟ್ಟದ್ದು ಬಿಡುಗಡೆ ಸಮಾರಂಭ ಮಾಡಹೋಗಿ.

ಪುಸ್ತಕದ ಹೆಸರು ‘ಹಾನಗಲ್ಲ, ಶಿಗ್ಗಾಂವಿ, ಸವಣೂರ ಹಾಗೂ ಹಿರೇಕೆರೂರ ಸೀಮೆಯ ಕೆರೆಗಳು, ತೂಬುಗಳು ಮತ್ತು ಕಲ್ಲುಗಳು: ಒಂದು ಸಮಗ್ರ ಅವಲೋಕನ’. ನನ್ನ ಹೆಂಡತಿ ಗಿರಿಜಾ ಮುಖಪುಟವನ್ನು ದೂರ ಹಿಡಿದು ಓದಿ, “ಇದು ಪುಸ್ತಕದ ಹೆಸರೋ, ಬಸ್ಸಿನ ಬೋರ್ಡೋ?” ಎಂದು ಕೇಳಿದಳು. ಶಿಗ್ಗಾಂವಿಯ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ನಾನು ಹಳೆಯ ಲಿಪಿ ಓದುವುದನ್ನು ಕಲಿತು, ಅದಕ್ಕಿಂತ ಹಳೆಯ ಬೈಕಿನ ಮೇಲೆ ಕಲ್ಲಿನಿಂದ ಕಲ್ಲಿಗೆ ಅಲೆದವನು. ಇಂಥ ಮಾತಿಗೆ ಉತ್ತರಿಸುವುದು ನನ್ನ ಘನತೆಗೆ ತಕ್ಕುದಲ್ಲವೆಂದು ಗಣ್ಯರ ಪಟ್ಟಿ ಬರೆಯಲು ಕೂತೆ.

ಬಿಡುಗಡೆ ಮಾಡಲು ಒಬ್ಬ ಗಣ್ಯರು ಬೇಕಿತ್ತು. ನಮ್ಮ ಭಾಗದ ಗಣ್ಯರಿಗೆ ಮದುವೆ, ಮುಂಜಿ, ಗೃಹಪ್ರವೇಶಗಳಿಗೆಲ್ಲ ಬಿಡುವಿರುತ್ತದೆ. ಪುಸ್ತಕ ಎಂದೊಡನೆ ಬೆಂಗಳೂರಿನಲ್ಲಿ ಮೀಟಿಂಗ್ ಬೀಳುತ್ತದೆ. ಮೂರನೆಯ ಗಣ್ಯರ ಮನೆಯಿಂದಲೂ ಬರಿಗೈಲಿ ಬಂದಾಗ ಗಿರಿಜಾ ಹೇಳಿದಳು: “ಎಷ್ಟ ಮಂದಿ ಬಾಗಲಾ ಬಡೀತೀರಿ? ನಮ್ಮಪ್ಪನ ಕೈಲೆ ಮಾಡಸ್ರಿ. ಅಂವಾ ಕರದ್ರ ಬರ್ತಾನ.”

ಮಾವ ಫಕ್ಕೀರಪ್ಪನವರು ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ ಒಕ್ಕಲುತನ ಮಾಡುವವರು. ಅವರಿಗೆ ಓದು ಅಷ್ಟಕ್ಕಷ್ಟೆ. ಸಹಿ ಮಾತ್ರ ದುಂಡಗೆ ಮಾಡುತ್ತಾರೆ. ಆದರೆ ಅವರ ಬಳಿ ಒಂದು ಚರಿತ್ರೆ ಇತ್ತು. ಮನೆಗೆ ಯಾರೇ ಬರಲಿ, ಚಹಾ ಮುಗಿದ ಮೇಲೆ ರುಮಾಲು ಸುತ್ತಿಕೊಂಡು ಅವರನ್ನು ಕೆರೆಯ ಏರಿಗೆ ಕರೆದೊಯ್ಯುತ್ತಿದ್ದರು. ಅಲ್ಲೊಂದು ಸವೆದ ಅಕ್ಷರದ ಕಲ್ಲು. ಅದರ ಮೇಲೆ ಕೈಯಿಟ್ಟು, ತಮ್ಮ ಮೂಲಪುರುಷ ಕೆಂಚಪ್ಪಜ್ಜ ಹೆಂಡತಿಯ ಮೈಮೇಲಿನ ಬಂಗಾರ ಮಾರಿ ಈ ಕೆರೆ ಕಟ್ಟಿಸಿದ ಕಥೆ ಹೇಳುತ್ತಿದ್ದರು. ಕಲ್ಲಿನಲ್ಲಿ ಕೆಂಚನ ಹೆಸರಿದೆ ಎಂಬುದು ಊರಿಗೇ ಗೊತ್ತಿತ್ತು. ಉಳಿದದ್ದನ್ನು ಯಾರೂ ಓದಿರಲಿಲ್ಲ. ನಾನು ಹೆಣ್ಣು ನೋಡಲು ಹೋದಾಗಲೂ ಹೆಣ್ಣಿಗಿಂತ ಮೊದಲು ಕಲ್ಲು ನೋಡಿದೆ.

ಆಮಂತ್ರಣದಲ್ಲಿ ‘ಶ್ರೀ ಫಕ್ಕೀರಪ್ಪನವರ ಅಮೃತಹಸ್ತದಿಂದ’ ಎಂದು ಅಚ್ಚಾಯಿತು. ಅದನ್ನು ಮಾವ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ದಾರಿಹೋಕರಿಂದಲೂ ಓದಿಸಿ ಕೇಳಿದರಂತೆ. ಹೊಸ ಧೋತರ ತಂದರಂತೆ. ಊರ ಮಂದಿಯನ್ನೆಲ್ಲ ಟೆಂಪೋದಲ್ಲಿ ಕರೆತರುವುದಾಗಿ ಫೋನು ಬಂತು. ಆ ಮಂದಿಯಲ್ಲಿ ಪಕ್ಕದ ಹೊಲದ ದ್ಯಾಮಣ್ಣನೂ ಸೇರಿದ್ದ. ನೀರಿನ ಪಾಳಿಯ ಸಲುವಾಗಿ ಇವರಿಬ್ಬರಿಗೂ ಬಹಳ ದಿನದ ತಕರಾರು. ‘ನಮ್ಮಜ್ಜ ಕಟ್ಟಿದ ಕೆರಿ’ ಎಂಬುದೇ ಅದರಲ್ಲಿ ಮಾವನ ಕೊನೆಯ ಅಸ್ತ್ರ.

ಬಿಡುಗಡೆಗೆಂದು ಪುಸ್ತಕಗಳಿಗೆ ಬಣ್ಣದ ಕಾಗದ ಸುತ್ತುತ್ತಿದ್ದ ಗಿರಿಜಾ ಸುಮ್ಮನೆ ಒಂದನ್ನು ತೆರೆದಳು. ಸ್ವಲ್ಪ ಹೊತ್ತಿನ ಮೇಲೆ, ಇಲ್ಲಿ ಕೆಂಚ ಅಂತ ಬಂದಿದೆಯಲ್ಲ, ಯಾವ ಕೆಂಚ ಎಂದು ಕೇಳಿದಳು.

ನಾನು ಪರಮ ಉತ್ಸಾಹದಿಂದ ವಿವರಿಸಿದೆ. ಕಲ್ಲಿಗೆ ಮೆತ್ತಿದ್ದ ಎಣ್ಣೆ, ಅರಿಶಿನದ ಭಂಡಾರ ತೊಳೆದು, ಹಿಟ್ಟು ಸವರಿ ನಾನೇ ಓದಿದ ಶಾಸನ ಅದು. ಕೆಂಚ ಕೆರೆ ಕಟ್ಟಿದವನಲ್ಲ. ಕೆರೆ ಅವನಿಗಿಂತ ಹಳೆಯದು. ನೀರು ಕಡಿಮೆಯಾದ ವರ್ಷ ಅವನು ತೂಬು ಒಡೆದು ಇದ್ದ ನೀರನ್ನೆಲ್ಲ ತನ್ನ ಗದ್ದೆಗೆ ಹರಿಸಿಕೊಂಡ. ಊರವರು ದಂಡ ಹಾಕಿ, ಅವನಿಂದಲೇ ತೂಬು ಕಟ್ಟಿಸಿ, ಮುಂದೆ ಯಾರೂ ಹೀಗೆ ಮಾಡಬಾರದೆಂದು ಕಲ್ಲು ನಿಲ್ಲಿಸಿದರು. ಎಂಥ ಅಪರೂಪದ ದಾಖಲೆ!

ಗಿರಿಜಾ ಪುಸ್ತಕ ಮುಚ್ಚಿದಳು. “ನಮ್ಮಪ್ಪ ದಿನಾ ಕೈ ಮುಗಿಯೋ ಕಲ್ಲರಿ ಅದು.”

ಗೊತ್ತಿರಲಿಲ್ಲ ಎಂದು ಹೇಳಲಾರೆ. ಗೊತ್ತಿತ್ತು. ಆದರೆ ಕೆಂಚ ಏಳನೆಯ ಅಧ್ಯಾಯದಲ್ಲಿದ್ದ, ಮಾವ ಆಮಂತ್ರಣ ಪತ್ರಿಕೆಯಲ್ಲಿದ್ದರು. ಇಬ್ಬರೂ ಒಂದೇ ವೇದಿಕೆಗೆ ಬರುತ್ತಾರೆಂದು ನನಗೆ ಹೊಳೆದಿರಲಿಲ್ಲ. ‘ಸಂಶೋಧಕನಿಗೆ ಬಂಧುಬಳಗವಿಲ್ಲ’ ಎಂದು ಮುನ್ನುಡಿಯಲ್ಲೇ ಸಾರಿದ್ದೆ. ಆ ವಾಕ್ಯ ಬರೆದದ್ದು ಮಾವನ ಮನೆಯ ಕಟ್ಟೆಯ ಮೇಲೆ ಕೂತು, ಅತ್ತೆ ಬಡಿದ ಬಿಸಿ ರೊಟ್ಟಿ ತಿನ್ನುತ್ತ.

ಮತ್ತೆ ಅಚ್ಚು ಹಾಕಿಸಲು ಹೊತ್ತಿರಲಿಲ್ಲ. ನಾನು ಒಂದು ಉಪಾಯ ಕಂಡುಹಿಡಿದೆ. ಈ ಜನ್ಮದಲ್ಲಿ ನಾನು ಕಂಡುಹಿಡಿದ ಉಪಾಯಗಳಲ್ಲೆಲ್ಲ ಅದು ಶ್ರೇಷ್ಠವಾದುದು. ಬಿಳಿ ಕಾಗದದ ಚೀಟಿ ಕತ್ತರಿಸಿ, ಆ ಭಾಗದ ಮೇಲೆ ಪ್ರತಿಯೊಂದು ಪ್ರತಿಯಲ್ಲೂ ಅಂಟಿಸುವುದು! ಗಿರಿಜಾ ಮೈದಾಹಿಟ್ಟು ಕುದಿಸಿ ಅಂಟು ಮಾಡಿದಳು. ಇಬ್ಬರೂ ಕೂತು ಅಂಟಿಸಿದೆವು. ಒಣಗಿದ ಮೇಲೆ ಚೀಟಿ ಹಪ್ಪಳದಂತೆ ಸೆಟೆದು ನಿಂತಿತು. ಪರಿಣಾಮವಾಗಿ, ಪುಸ್ತಕವನ್ನು ಯಾರು ಹೇಗೆ ಹಿಡಿದರೂ ಅದು ತಾನಾಗಿ ತೆರೆದುಕೊಳ್ಳುವುದು ಅದೇ ಪುಟಕ್ಕೆ. ಇಡೀ ಪುಸ್ತಕದಲ್ಲಿ ಓದುಗರ ಗಮನಕ್ಕೆ ಇಷ್ಟು ಶ್ರಮಪಟ್ಟು ತಂದ ಪುಟ ಬೇರೊಂದಿಲ್ಲ.

ಇನ್ನೊಂದು ಗಂಡಾಂತರ ಸವಣೂರಿನಲ್ಲಿತ್ತು. ಕೃತಿ ಪರಿಚಯ ಮಾಡಲಿದ್ದ ನಿವೃತ್ತ ಉಪನ್ಯಾಸಕರಿಗೆ ಚೀಟಿಯಿಲ್ಲದ ಪ್ರತಿ ಮೊದಲೇ ಹೋಗಿತ್ತು. ಬಸ್ಸು ಹತ್ತಿ ಅವರ ಮನೆಗೆ ಹೋದೆ. ಕೆಂಚನ ವಿಷಯ ಎತ್ತಬೇಡಿರೆಂದು ಕೈಮುಗಿದೆ. ಕಾರಣ ಹೇಳಲು ನಾಚಿಕೆ ಬಂತು, ಹೇಳಲಿಲ್ಲ. ಅವರು ಎಲೆ ಅಡಿಕೆ ಕೊಟ್ಟು, ಚಿಂತೆ ಮಾಡಬೇಡಿ, ಆ ಮಾತು ನನ್ನ ಬಾಯಿಂದ ಬರುವುದಿಲ್ಲ ಎಂದು ಅಭಯವಿತ್ತರು. ಅವರು ಸತ್ಯಸಂಧರು. ಊರಿಗೆ ಹಗುರಾಗಿ ಮರಳಿದೆ.

ಸಮಾರಂಭದ ದಿನ ಶಿಗ್ಗಾಂವಿಯ ಸಭಾಭವನದ ಮುಂದಿನ ಸಾಲುಗಳೆಲ್ಲ ಮಾವನ ಊರವರಿಂದ ತುಂಬಿದ್ದವು. ಮಾವ ವೇದಿಕೆಯ ಮೇಲೆ ಹೊಸ ಧೋತರ, ಹಸಿರು ರುಮಾಲಿನಲ್ಲಿ ಮದುಮಗನಂತೆ ಕೂತಿದ್ದರು. ಬಣ್ಣದ ಕಾಗದವನ್ನು ಹರಿಯದೆ ಮೆಲ್ಲಗೆ ಬಿಚ್ಚಿ, ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು. ಚಪ್ಪಾಳೆ ಬಿತ್ತು. ಪ್ರತಿಗಳನ್ನು ಸಭೆಗೆ ಹಂಚಲಾಯಿತು. ಬದುಕಿನಲ್ಲಿ ನಾನು ಒಂದು ಕೆಲಸವನ್ನಾದರೂ ಸರಿಯಾಗಿ ಮಾಡಿದೆನೆಂದು ಅನಿಸಿದ್ದು ಆ ಗಳಿಗೆಯಲ್ಲಿ. ಗಳಿಗೆ ಚಿಕ್ಕದಿತ್ತು.

ಉಪನ್ಯಾಸಕರು ಎದ್ದರು. ಆರು ಅಧ್ಯಾಯಗಳನ್ನು ಹೊಗಳಿದರು. ಏಳನೆಯದಕ್ಕೆ ಬಂದು ಕನ್ನಡಕ ತೆಗೆದರು. “ಲೇಖಕರು ನಮ್ಮ ಮನಿತನಕ ಬಂದು, ಕೆಂಚನ ಸುದ್ದಿ ಮಾತಾಡಬ್ಯಾಡ್ರಿ ಅಂತ ಕೇಳಕೊಂಡಾರ. ಅದು ಅವರ ವಿನಯ. ಅದಕ್ಕ ನಾನು ಆ ಸುದ್ದಿ ಎತ್ತೂದಿಲ್ಲ.”

ಕೊಟ್ಟ ಮಾತನ್ನು ಅವರು ಅಕ್ಷರಶಃ ಉಳಿಸಿಕೊಂಡರು.

ಕೆಂಚ ಎಂಬ ಹೆಸರು ಕೇಳಿದೊಡನೆ ಮುಂದಿನ ಸಾಲುಗಳಲ್ಲಿ ಗೌರವದ ಗುಜುಗುಜು ಎದ್ದಿತು. ಅಜ್ಜನ ಬಗ್ಗೆ ಏನೋ ದೊಡ್ಡದು ಬರೆದಿರಬೇಕು! ಎಲ್ಲರೂ ಪುಸ್ತಕ ತೆರೆದರು. ತೆರೆಯುವ ಶ್ರಮವನ್ನೂ ಪುಸ್ತಕ ಅವರಿಗೆ ಕೊಡಲಿಲ್ಲ. ದ್ಯಾಮಣ್ಣ ನೀರಿನ ಬಾಟಲಿಯಿಂದ ಹೆಬ್ಬೆರಳು ತೋಯಿಸಿ ಚೀಟಿಯನ್ನು ತಿಕ್ಕಿದ. ನಮ್ಮ ಮನೆಯ ಮೈದಾ ಒಂದೇ ತಿಕ್ಕಿಗೆ ಬಿಟ್ಟುಕೊಟ್ಟಿತು. ಅವನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುವವನು. ಓದುತ್ತ ಹೋದ. ತೂಬು ಒಡೆದದ್ದು ಬಂತು, ದಂಡ ಬಂತು, ಕಲ್ಲು ನಿಲ್ಲಿಸಿದ ಕಾರಣ ಬಂತು.

ಮುಗಿಸಿದ ಮೇಲೆ ದ್ಯಾಮಣ್ಣ ನಗಬೇಕಿತ್ತು. ಇಷ್ಟು ವರ್ಷ ಅವನು ಕಾದದ್ದು ಇಂಥದೊಂದಕ್ಕೇ. ತಲೆಯೆತ್ತಿ ವೇದಿಕೆಯ ಮೇಲಿದ್ದ ಮಾವನ ಮುಖ ನೋಡಿದ. ನೋಡಿದವನು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡ.

ಬಿಡುಗಡೆ ಮಾಡಿದವರು ಎರಡು ಮಾತಾಡಬೇಕೆಂಬುದು ಕಾರ್ಯಕ್ರಮ ಪಟ್ಟಿಯಲ್ಲಿತ್ತು. ಆ ಪಟ್ಟಿ ಮಾಡಿದವನೂ ನಾನೇ. ಮಾವ ಎದ್ದು ಮೈಕಿನ ಮುಂದೆ ನಿಂತರು. ಕೆಂಚಪ್ಪಜ್ಜನ ಕಥೆಯನ್ನೇ ಹೇಳಬೇಕೆಂದು ಅವರು ವಾರವಿಡೀ ದನಗಳ ಮುಂದೆ ತಾಲೀಮು ಮಾಡಿದ್ದರೆಂದು ಅತ್ತೆ ಆಮೇಲೆ ಹೇಳಿದರು.

“ನಮ್ಮ ಅಳಿಯಂದ್ರು ಓದಿದವ್ರು,” ಎಂದರು ಮಾವ. “ಓದಿದವ್ರು ಹೇಳಿದ್ದು ಖರೇನ ಇರ್ತೈತಿ. ಎಲ್ಲಾರೂ ಊಟಾ ಮಾಡ್ಕೊಂಡ ಹೋಗ್ರಿ.”

ಕೂತರು. ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಗಿರಿಜಾ ಬಡಿಸಲು ನಿಂತವಳು ನನ್ನ ಎಲೆಗೂ ಏನೂ ಕಡಿಮೆ ಮಾಡಲಿಲ್ಲ. ಬೈದಿದ್ದರೆ ತಿನ್ನಬಹುದಿತ್ತು.

ಮುಂದೆ ಮಾವ ನನ್ನ ಮೇಲೆ ಸಿಟ್ಟಾಗಲಿಲ್ಲ. ಊರಿಗೆ ಹೋದಾಗ ಎಂದಿನಂತೆ, ಬರ್ರಿ, ಕುಂಡ್ರಿ ಎನ್ನುತ್ತಾರೆ. ದ್ಯಾಮಣ್ಣ ನೀರಿನ ಪಾಳಿಯ ತಕರಾರನ್ನೇ ಬಿಟ್ಟಿದ್ದಾನೆ. ಮಾವನೇ ತಮ್ಮ ಪಾಳಿಯನ್ನು ಅವನಿಗೆ ಮೊದಲು ಬಿಟ್ಟುಕೊಡುತ್ತಾರಂತೆ. ಏರಿಯ ಕಡೆ ಮಾತ್ರ ಹೋಗುವುದಿಲ್ಲ. ಕಲ್ಲಿಗೆ ಎಣ್ಣೆಯಿಲ್ಲ, ಭಂಡಾರವಿಲ್ಲ. ಅಕ್ಷರಗಳು ಈಗ ಬಹಳ ಸ್ಪಷ್ಟವಾಗಿ ಕಾಣುತ್ತವೆ. ಸಂಶೋಧನೆಗೆ ಅನುಕೂಲ.

ಹೋದ ಸಲ ನಾನು ಅಲ್ಲಿದ್ದಾಗ ಆ ಊರ ಶಾಲೆಗೆ ಹೊಸದಾಗಿ ಬಂದ ಮಾಸ್ತರರೊಬ್ಬರು ಮನೆಗೆ ಬಂದರು. ಚಹಾ ಮುಗಿಯಿತು. ನಾನು ಮಾವನ ಮುಖವನ್ನೇ ನೋಡುತ್ತಿದ್ದೆ. ಅವರು ರುಮಾಲಿಗೆ ಕೈ ಹಾಕಲಿಲ್ಲ. ಮಾಸ್ತರರೇ ಕಲ್ಲಿನ ಮಾತೆತ್ತಿದಾಗ ನನ್ನ ಕಡೆ ತಿರುಗಿ, “ನೀವ ಕರ್ಕೊಂಡ ಹೋಗ್ರಿ. ನಿಮಗ ಓದಾಕ ಬರ್ತೈತಿ,” ಎಂದರು. ಮಾತಿನಲ್ಲಿ ಚುಚ್ಚು ಇರಲಿಲ್ಲ. ನಾನು ಹುಡುಕಿದೆ, ಇರಲಿಲ್ಲ.

ಏರಿಯ ಮೇಲೆ ನಿಂತು, ಕಲ್ಲಿನ ಮೇಲೆ ಕೈಯಿಟ್ಟೆ. ಏನಾಯಿತೋ, ನಾನು ಕೆಂಚಪ್ಪಜ್ಜನ ಕಥೆ ಶುರುಮಾಡಿದೆ. ಬಂಗಾರ ಮಾರಿದ್ದು, ಮಣ್ಣು ಹೊತ್ತದ್ದು, ಮೊದಲ ನೀರು ನಿಂತ ದಿನ ಅಜ್ಜ ಅತ್ತದ್ದು, ಎಲ್ಲವನ್ನೂ ಮಾವ ಹೇಳುತ್ತಿದ್ದಂತೆಯೇ ಹೇಳಿದೆ.

ಮಾಸ್ತರರು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: “ತಪ್ಪ ತಿಳೀಬ್ಯಾಡ್ರಿ, ಅದು ಹಂಗಲ್ಲರಿ. ಇದರ ಮ್ಯಾಲೆ ಒಂದ ಪುಸ್ತಕ ಬಂದೈತಿ, ಪೂರ್ತಿ ಓದೇನಿ. ನೀವೂ ಒಮ್ಮೆ ಓದ್ರಿ. ಬರದವ್ರು ಭಾಳ ತಿಳದವ್ರು ಅದಾರ.”

ಪುಸ್ತಕದ ಹಿಂಬದಿಯಲ್ಲಿ ತಲೆತುಂಬ ಕೂದಲಿದ್ದ ಕಾಲದ ಚಿತ್ರ ಹಾಕಿಸಿದ್ದೆನಾದ್ದರಿಂದ ಅವರಿಗೆ ಗುರುತು ಸಿಗಲಿಲ್ಲ. ನನ್ನ ಗ್ರಂಥವನ್ನು ಪೂರ್ತಿ ಓದಿದ ಒಬ್ಬನೇ ಒಬ್ಬ ಮನುಷ್ಯ ಎದುರಿಗಿದ್ದ. ಓದುತ್ತೇನೆ ಎಂದು ಮಾತು ಕೊಟ್ಟು ಏರಿ ಇಳಿದೆ.